ಕೂದಲು ಬಾಚದ ತಾಯಿ

ಜಪಾನಿನ ಕಿತಗಾವಾ ಉತಮಾರೊ (ನಿಧನ: 1806) ಸುಂದರಿಯರ ಚಿತ್ರಗಳಿಗೆ ಹೆಸರಾದವನು. ಮರದ ಅಚ್ಚಿನಿಂದ ಕಾಗದಕ್ಕಿಳಿದ ಅವನ ಚಿತ್ರಗಳಲ್ಲಿ ನನಗೆ ಬಲು ಹಿಡಿಸಿದ್ದು ಯಾವ ನಾಜೂಕಿನ ಚೆಲುವೆಯದೂ ಅಲ್ಲ, ಮಗುವಿಗೆ ಮೊಲೆಯೂಡುತ್ತಿರುವ ಯಮಂಬಾಳದು. ಯಮಂಬಾ ಎಂದರೆ ಬೆಟ್ಟದ ಮುದುಕಿ. ದಾರಿಹೋಕರನ್ನು ತಿನ್ನುವ ರಕ್ಕಸಿ ಎನ್ನುತ್ತವೆ ಅಲ್ಲಿನ ಕಥೆಗಳು. ಅವಳೇ ಕಿಂತರೊ ಎಂಬ ಮಹಾ ಬಲಶಾಲಿ ಹುಡುಗನ ತಾಯಿ. ಸಾಕುತಾಯಿ ಎನ್ನುವವರೂ ಉಂಟು.

ಉತಮಾರೊ ಆಕೆಯನ್ನು ಹರೆಯದವಳನ್ನಾಗಿಸಿದ. ಹಾಲು ಬರಬೇಕಲ್ಲ! ಆದರೆ ಕೂದಲು ಬಾಚಲಿಲ್ಲ. ಅವನ ಬೇರೆ ಹೆಂಗಸರ ತುರುಬಿಗೆ ಎಣ್ಣೆ, ಬಾಚಣಿಗೆ, ಕಡ್ಡಿಗಳ ಒಪ್ಪ. ಇವಳದು ಹರಡಿಬಿದ್ದ ಕಪ್ಪು ಪೊದೆ. ನಮ್ಮ ಶಾಲೆಯಲ್ಲಿ ತಾಯಿಯ ಚಿತ್ರ ಬರೆಯಿರೆಂದರೆ ಮಕ್ಕಳೆಲ್ಲ ಜಡೆ ಹೆಣೆದವಳನ್ನೇ ಬರೆಯುತ್ತಾರೆ. ಎಳೆಮಗುವಿನ ತಾಯಿಗೆ ಜಡೆ ಹೆಣೆಯಲು ಪುರುಸೊತ್ತೆಲ್ಲಿ?

ಕಿಂತರೊ ಒಂದು ಮೊಲೆ ಚೀಪುತ್ತ ಇನ್ನೊಂದರ ತೊಟ್ಟನ್ನು ಬೆರಳಲ್ಲಿ ಹಿಡಿದಿದ್ದಾನೆ. ಹಾಲೂಡಿಸಿದವರಿಗೆಲ್ಲ ಗೊತ್ತಿರುವ ತುಂಟತನವಿದು. ಆ ಗಂಡಸು ಯಾವ ಮನೆಯ ಮೂಲೆಯಲ್ಲಿ ಕೂತು ಇದನ್ನು ಕಂಡನೋ!

ಇದೂ ಗಂಡಸರ ಕಣ್ಣಿಗೆ ಹಬ್ಬವೇ ತಾನೆ ಎಂದು ನೀವು ಕೇಳಬಹುದು. ಇಲ್ಲವೆನ್ನಲಾರೆ, ಕೊಂಡವರಲ್ಲಿ ಅಂಥವರೂ ಇದ್ದಿರಬಹುದು. ಆದರೆ ಆಕೆ ನೋಡುವವರನ್ನು ಲೆಕ್ಕಕ್ಕೇ ಇಟ್ಟಿಲ್ಲ. ಬಾಗಿದ ಕತ್ತು, ಕಣ್ಣು ಎರಡೂ ಮಗುವಿನತ್ತ.

ಜಪಾನಿನಲ್ಲಿ ಮೇ 5ರ ಮಕ್ಕಳ ಹಬ್ಬಕ್ಕೆ, ಗಂಡುಮಗುವಿರುವ ಮನೆಗಳಲ್ಲಿ ಇಂದಿಗೂ ಕಿಂತರೊ ಗೊಂಬೆ ಇಡುವುದುಂಟು. ಕೈಯಲ್ಲಿ ಕೊಡಲಿ, ಕೆಲವೊಮ್ಮೆ ಜೊತೆಗೊಂದು ಕರಡಿ. ಹಾಲೂಡಿದವಳಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿರುವುದಿಲ್ಲ.