ಹೈನ್ ಅಡಿಬರಹಕ್ಕೊಂದು ವ್ಯಾಖ್ಯಾನ

1908ರ ಡಿಸೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ವಿಟ್ನೆಲ್ ಹತ್ತಿ ಗಿರಣಿಯಲ್ಲಿ ಛಾಯಾಗ್ರಾಹಕ ಲೂಯಿಸ್ ಹೈನ್ ತೆಗೆದ ಚಿತ್ರವಿದು. ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಉದ್ದಕ್ಕೂ ನೂಲುವ ಯಂತ್ರ, ನಡುವಿನ ಓಣಿಯಲ್ಲಿ ನಮ್ಮತ್ತ ಮುಖಮಾಡಿ ನಿಂತ ಹುಡುಗಿ. ಹೈನ್ ಬರೆದಿಟ್ಟ ಅಡಿಬರಹಕ್ಕೂ ಚಿತ್ರದಷ್ಟೇ ತೂಕವಿದೆ. ಅದರ ಒಂದೊಂದೇ ಸಾಲಿನ ತಾತ್ಪರ್ಯ ಹೀಗಿದೆ.

1. ನೂಲುವವರಲ್ಲಿ ಒಬ್ಬಳು, ಎತ್ತರ 51 ಅಂಗುಲ.
ಹೆಸರಿಲ್ಲ, ಅಳತೆಯಿದೆ. ವಯಸ್ಸನ್ನು ದೊಡ್ಡವರು ಹೆಚ್ಚಿಸಿ ಹೇಳಬಹುದು, ಎತ್ತರವನ್ನು ಹಾಗೆ ಹೇಳಲಾಗದು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆತ್ತರವೆಂದು ಹೈನ್ ಅಳೆದಿಟ್ಟುಕೊಂಡಿದ್ದರು. ಮಗುವಿನ ಪಕ್ಕ ನಿಂತರೆ ಲೆಕ್ಕ ಸಿಗುತ್ತಿತ್ತು. ಜೇಬಿನೊಳಗೇ ಗುರುತು ಹಾಕಿಕೊಳ್ಳುತ್ತಿದ್ದರು.

2. ಗಿರಣಿ ಸೇರಿ ಒಂದು ವರ್ಷ. ಕೆಲವೊಮ್ಮೆ ರಾತ್ರಿಯೂ ಕೆಲಸ.
ಕ್ಯಾಮೆರಾಕ್ಕೆ ಸಿಕ್ಕಿದ್ದು ಒಂದು ಗಳಿಗೆ. ಅದರ ಹಿಂದಿನ ವರ್ಷವನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಅಕ್ಷರವೇ ಹೇಳಬೇಕು.

3. ನಾಲ್ಕು ಬದಿ ನೋಡಿಕೊಳ್ಳುತ್ತಾಳೆ. ದಿನಕ್ಕೆ 48 ಸೆಂಟ್.
ಯಂತ್ರದ ಎರಡೂ ಬದಿಗೆ ಕದಿರುಗಳ ಸಾಲು. ಕಡಿದ ಎಳೆಯನ್ನು ಹುಡುಕಿ, ಬೆರಳಲ್ಲಿ ಹೊಸೆದು ಸೇರಿಸುತ್ತ ಓಡಾಡುವುದೇ ಕೆಲಸ. ಬದಿಗೆ 12 ಸೆಂಟ್ ಬಿತ್ತು.

4. ವಯಸ್ಸು ಕೇಳಿದರೆ ತಡವರಿಸಿ, ನೆನಪಿಲ್ಲವೆಂದಳು. ಆಮೇಲೆ ಗುಟ್ಟಾಗಿ, ಕೆಲಸಕ್ಕೆ ಬರುವ ವಯಸ್ಸಾಗಿಲ್ಲ, ಆದರೂ ಮಾಡುತ್ತೇನೆ ಎಂದಳು.
ಇಡೀ ಅಡಿಬರಹದ ಜೀವ ಇಲ್ಲಿದೆ. ಮೊದಲ ಉತ್ತರದಲ್ಲಿ ಅಂಜಿಕೆಯಿದೆ, ಎರಡನೆಯದರಲ್ಲಿ ನಂಬಿಕೆ. ಶಾಲಾ ಮೇಷ್ಟರಾಗಿದ್ದ ಹೈನ್‌ಗೆ ಮಕ್ಕಳನ್ನು ಮಾತಾಡಿಸುವ ಬಗೆ ಗೊತ್ತಿತ್ತು. ತಾನಿಲ್ಲಿರಬಾರದೆಂದು ಆ ಹುಡುಗಿಗೇ ತಿಳಿದಿತ್ತು. ಗಿರಣಿಯವರಿಗೆ ತಿಳಿದಿರಲಿಲ್ಲವೆಂದು ಯಾರು ನಂಬಿಯಾರು? ಹೆಸರು ಬರೆಯದ್ದು ಒಳ್ಳೆಯದೇ ಆಯಿತು. ಈ ಮಾತು ಅವಳ ಕೂಲಿಗೇ ಕುತ್ತು ತರಬಹುದಿತ್ತು.

5. 50 ಕೆಲಸಗಾರರಲ್ಲಿ ಇವಳಷ್ಟೇ ಗಾತ್ರದ ಮಕ್ಕಳು ಹತ್ತು.
ಒಬ್ಬಳ ಮೇಲಿನ ಕನಿಕರ ಪುಟ ತಿರುವಿದೊಡನೆ ಆರೀತು. ಐವರಲ್ಲೊಬ್ಬರು ಎಂದಮೇಲೆ ಅದು ಗಿರಣಿಯ ಪದ್ಧತಿ. ಅದಕ್ಕೆ ಉತ್ತರ ಕೊಡಲೇಬೇಕು.

ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಹೈನ್ ತೆಗೆದ ಇಂಥ ಚಿತ್ರಗಳು, 1909ರಲ್ಲಿ ‘ದಿ ಸರ್ವೆ’ ಎಂದು ಹೆಸರು ಬದಲಿಸಿಕೊಂಡ ಪತ್ರಿಕೆಯಲ್ಲಿ ಲೇಖನಗಳ ಜೊತೆ ಅಚ್ಚಾದವು. 1916ರ ಬಾಲಕಾರ್ಮಿಕ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1918ರಲ್ಲಿ ರದ್ದುಮಾಡಿತು. ದೇಶಕ್ಕೆಲ್ಲ ಅನ್ವಯಿಸುವ, ಬಾಳಿಕೆಯ ಕಾಯ್ದೆ ಬಂದದ್ದು 1938ರಲ್ಲಿ. ಇಷ್ಟು ವರ್ಷ ನಡೆದ ವಾದಕ್ಕೆ ಬರಿಯ ಮುಖ ಸಾಲದು. ದುಡಿಯುವವರ ಚಿತ್ರ ಅಚ್ಚುಹಾಕುವ ಸಂಪಾದಕರು ಕೂಲಿ, ಪಾಳಿ, ವಯಸ್ಸು ಹೇಳುವ ಸಾಲುಗಳಿಗೂ ಪುಟದಲ್ಲಿ ಜಾಗ ಬಿಡಬೇಕು.