ಜಾಸ್ ಡ್ರಮ್ಮು ಮತ್ತು ಓಲಗದ ಡೋಲು: ಒಬ್ಬ ವಾದಕರ ಜೀವನವನ್ನು ಕುರಿತು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಗಣಿಯ ಆಳ, ಚಿನ್ನದ ತೂಕ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುಚ್ಛಕ್ತಿ ಮೊದಲಾದವುಗಳನ್ನು ವಿಸ್ತಾರವಾಗಿ ಹೇಳಿರುವರು. ಅಲ್ಲಿ ಕೇಳಿಬರುತ್ತಿದ್ದ ಸದ್ದುಗಳನ್ನು ಕುರಿತು ಹೇಳಿರುವುದು ಅಲ್ಪ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತಕ್ಕೆ ಒಳಪಟ್ಟ ಮೈಸೂರು ಮೈನ್ಸ್ ಮತ್ತು ನೆರೆಯ ಗಣಿಗಳಲ್ಲಿ ಎರಡು ಬಗೆಯ ಚರ್ಮವಾದ್ಯಗಳಿದ್ದವು. ಯೂರೋಪಿಯನರಿಗೆ ಮೀಸಲಾಗಿದ್ದ ಕ್ಲಬ್ಬಿನ ನೃತ್ಯಕ್ಕೆ ಬ್ಯಾಂಡಿನ ಡ್ರಮ್ಮು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ಕಾರ್ಮಿಕರ ಲೈನುಗಳಲ್ಲಿ ಹಬ್ಬಕ್ಕೂ ಸಾವಿಗೂ ತಮಟೆ, ಅವರ ಮಾತಿನಲ್ಲಿ ಪರೈ.

ಜಾಸ್ ಸಂಗೀತವು ನಮ್ಮ ನಾಡಿಗೆ ದಂಡುಪ್ರದೇಶದ ಮತ್ತು ಕ್ಲಬ್ಬಿನ ದಾರಿಯಿಂದಲೇ ಬಂದಿತೆಂದೂ, ಅದರ ಚರಿತ್ರೆಯನ್ನು ಅಲ್ಲಿಯೇ ಹುಡುಕಬೇಕೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆ ಸಂಗೀತವು ಬಂದ ಬಗೆಗೆ ಇದು ಬಹುಮಟ್ಟಿಗೆ ನಿಜ. ಬೇರೂರಿದ ಬಗೆಗೆ ನಿಜವಲ್ಲ ಎಂಬುದು ನಮ್ಮ ಅಭಿಪ್ರಾಯ. ಶ್ರೀ ರಮೇಶ್ ಶೋತಮ್ ಅವರ ಜೀವನವನ್ನು ಪರಿಶೀಲಿಸಿದರೆ ಇದು ವಿಶದವಾಗುತ್ತದೆ.

ಮದರಾಸಿನಲ್ಲಿ ಹುಟ್ಟಿದ ಶೋತಮ್ ಅವರು ಮೊದಲು ರಾಕ್ ಸಂಗೀತದ ಡ್ರಮ್ ವಾದಕರು. ಸೋದರ ಸುರೇಶರೊಡನೆ 'ಹ್ಯೂಮನ್ ಬಾಂಡೇಜ್' ಎಂಬ ತಂಡವನ್ನು ಕಟ್ಟಿದರು. ಪಾಶ್ಚಾತ್ಯ ಡ್ರಮ್ಮಿನಲ್ಲಿ ಕೈಪಳಗಿದ ಮೇಲೆ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ವಿದ್ಯಾರ್ಥಿಯಾಗಿ ಕುಳಿತು ತವಿಲನ್ನು ಅಭ್ಯಾಸ ಮಾಡಿದರು. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಮುಂದೆ ಶೋತಮ್ ಅವರು ಜರ್ಮನಿಯ ಕಲೋನ್ ನಗರದಲ್ಲಿ ನೆಲಸಿ, ಯೂರೋಪಿನ ಜಾಸ್ ವಾದಕರ ನಡುವೆ ಹೆಸರಾದರು. 'ಮದ್ರಾಸ್ ಸ್ಪೆಷಲ್' ಎಂಬ ಸ್ವಂತ ತಂಡವನ್ನೂ ನಡೆಸಿದರು.

ಇಲ್ಲಿ ಗಮನಿಸಬೇಕಾದುದು ತವಿಲಿನ ಆಯ್ಕೆ. ತವಿಲು ದೇವಾಲಯದ ಉತ್ಸವದಲ್ಲಿ, ಮದುವೆಯ ಮೆರವಣಿಗೆಯಲ್ಲಿ ನಾಗಸ್ವರದೊಡನೆ ನುಡಿಯುವ ಓಲಗದ ಡೋಲು. ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಗಟ್ಟಿ ಕವಚ ತೊಟ್ಟ ಬೆರಳುಗಳು. ಅವರೊಡನೆ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923-2009) ಇದೇ ಓಲಗದ ನಾಗಸ್ವರವನ್ನು ಕಲಿತಿದ್ದರು. ಇದನ್ನು ಕೇವಲ ಕಾಕತಾಳೀಯವೆನ್ನಲಾಗದು. ಜಾಸ್ ಕೂಡ ನ್ಯೂ ಆರ್ಲಿಯನ್ಸಿನ ಬೀದಿಯ ಮೆರವಣಿಗೆಗಳಲ್ಲಿ, ಶವಯಾತ್ರೆಗಳಲ್ಲಿ ಬೆಳೆದ ಸಂಗೀತ. ಅದರ ಹಿಂದೆ ಕಾಂಗೊ ಚೌಕದಲ್ಲಿ ಭಾನುವಾರಗಳಂದು ಗುಲಾಮರು ಬಡಿಯುತ್ತಿದ್ದ ಡ್ರಮ್ಮುಗಳಿವೆ. ಬಯಲಿನ ವಾದ್ಯವು ಬಯಲಿನ ವಾದ್ಯವನ್ನು ಗುರುತಿಸಿತು.

ಹೀಗೆಂದ ಮಾತ್ರಕ್ಕೆ ಎರಡು ಪದ್ಧತಿಗಳೂ ಒಂದೇ ಎನ್ನಲಾಗದು. ತನಿ ಆವರ್ತನದಲ್ಲಿ ಮೃದಂಗ, ಘಟಗಳು ಸರದಿಯಿಂದ ನುಡಿಯುವುದನ್ನು, ಜಾಸ್ ವಾದಕರು ನಾಲ್ಕು ನಾಲ್ಕು ಅಳತೆಗಳನ್ನು ಹಂಚಿಕೊಂಡು ನುಡಿಸುವುದಕ್ಕೆ ಸಮೀಕರಿಸುವುದುಂಟು. ಇದು ಅವಸರದ ತೀರ್ಮಾನ. ಕುರೈಪಿನಲ್ಲಿ ಸರದಿಯ ಅಳತೆ ಕುಗ್ಗುತ್ತ ಹೋಗಿ ಕೊನೆಗೆ ಇಬ್ಬರೂ ಕೂಡುತ್ತಾರೆ. ಜಾಸ್‌ನಲ್ಲಿ ಸರದಿಯ ಅಳತೆ ಸಾಮಾನ್ಯವಾಗಿ ಸ್ಥಿರವಾಗಿದ್ದು, ಹಾಡಿನ ಚೌಕಟ್ಟು, ಹಲವೆಡೆ 32 ಅಳತೆಗಳದು, ವಾದಕರ ಮನಸ್ಸಿನಲ್ಲಿ ಸಾಗುತ್ತಿರುತ್ತದೆ. ಒಂದು ಕಡೆ ತಾಳವು ಕೈಯಲ್ಲಿ ಕಾಣುತ್ತದೆ. ಇನ್ನೊಂದು ಕಡೆ ಕಾಣುವುದಿಲ್ಲ. ನಿಜವಾದ ಸಾದೃಶ್ಯ ಬೇರೆಡೆಯಲ್ಲಿದೆ. 1940ರ ಸುಮಾರಿಗೆ ಕೆನ್ನಿ ಕ್ಲಾರ್ಕ್ ಎಂಬ ವಾದಕನು ಲಯ ಕಾಯುವ ಕೆಲಸವನ್ನು ಕಾಲಿನ ದೊಡ್ಡ ಡ್ರಮ್ಮಿನಿಂದ ಸಿಂಬಲ್ಲಿಗೆ ವರ್ಗಾಯಿಸಿ, ಡ್ರಮ್ಮನ್ನು ಮಾತನಾಡಲು ಬಿಟ್ಟನು. ನಮ್ಮಲ್ಲಿ ತಾಳವನ್ನು ಕೈ ಹೊತ್ತಿರುವುದರಿಂದ ಮೃದಂಗ, ತವಿಲುಗಳಿಗೆ ಆ ಸ್ವಾತಂತ್ರ್ಯ ಮೊದಲಿನಿಂದಲೂ ಉಂಟು.

ಎರಡು ಧ್ವನಿಮುದ್ರಿಕೆಗಳನ್ನು ಹೋಲಿಸಿ ನೋಡಬಹುದು. 1983ರ 'ಜ್ಯೋತಿ'ಯಲ್ಲಿ ಮರಿಯಾನೊ ಅವರು ಶ್ರೀಮತಿ ಆರ್. ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಘಟ, ಖಂಜಿರಗಳ ನಡುವೆ ಅತಿಥಿಯಾಗಿ ಬರುತ್ತಾರೆ, ಮನೆ ನಮ್ಮದು. ಲೆಬನಾನಿನ ರಬಿಹ್ ಅಬು-ಖಲೀಲರ 1992ರ 'ಬ್ಲೂ ಕ್ಯಾಮೆಲ್'ನಲ್ಲಿ ಮರಿಯಾನೊ, ಕೆನ್ನಿ ವೀಲರ್, ಸ್ಟೀವ್ ಸ್ವಾಲೊ ಇವರ ಪಂಕ್ತಿಯಲ್ಲಿ ಶೋತಮ್ ಅವರು ದಕ್ಷಿಣ ಭಾರತದ ಚರ್ಮವಾದ್ಯಗಳೊಡನೆ ಕುಳಿತಿರುವರು. ಮನೆ ಯಾರೊಬ್ಬರದೂ ಅಲ್ಲ. ಎರಡರಲ್ಲಿಯೂ ಪಾಶ್ಚಾತ್ಯ ಡ್ರಮ್ ಸೆಟ್ಟು ಇಲ್ಲವೆಂಬುದು ಮುಖ್ಯ. ಮೊದಲನೆಯದು ಹೆಚ್ಚು ಶುದ್ಧ. ಎರಡನೆಯದು ಹೆಚ್ಚು ಸಾಹಸದ್ದು. ಜಾಸ್ ಡ್ರಮ್ಮರ್ ಎಂಬುದು ಕಾಲವನ್ನು ಹೊರುವ ಹೊಣೆಗೆ ಸಲ್ಲುವ ಹೆಸರೆಂಬುದನ್ನು ಎರಡನೆಯದು ಸ್ಪಷ್ಟಪಡಿಸುತ್ತದೆ. ಆದಕಾರಣ ಶೋತಮ್ ಅವರ ಸಾಧನೆಯನ್ನು 'ಮಿಶ್ರಣ'ವೆಂದು ಕರೆದು ಮುಗಿಸುವ ವಿಮರ್ಶೆಯು ಅಸಮರ್ಪಕ.

ಆದರೂ ಒಂದು ಮಾತು ಉಳಿಯುತ್ತದೆ. ತವಿಲಿಗೆ ದೇವಾಲಯದ ಮರ್ಯಾದೆಯಿತ್ತು. ಬೆಂಗಳೂರಿನಲ್ಲಿ ಒಂದು ವಿದ್ಯಾಸಂಸ್ಥೆಯೂ ದೊರೆಯಿತು. ಅಲ್ಲಿಂದ ಸುಮಾರು 100 ಕಿ.ಮೀ. ದೂರದ ಗಣಿಯ ಲೈನುಗಳ ತಮಟೆಗೆ ಎರಡೂ ಇರಲಿಲ್ಲ. ಅದನ್ನು ನುಡಿಸಿದವರನ್ನು ಸಮಾಜವು ವಾದಕರೆಂದು ಎಣಿಸದೆ ಅಸ್ಪೃಶ್ಯರೆಂದು ಎಣಿಸಿತು. ಕಾಂಗೊ ಚೌಕದ ಡ್ರಮ್ಮನ್ನು ಗೌರವದಿಂದ ಬರೆಯುವ ನಾವು, ನಮ್ಮ ಹಿತ್ತಿಲಿನ ತಮಟೆಯನ್ನು ಸಂಗೀತದ ಚರಿತ್ರೆಯಿಂದ ಹೊರಗಿಡುವುದು ನ್ಯಾಯವೇ? ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಲೈನುಗಳಲ್ಲಿ ವೃದ್ಧ ವಾದಕರು ಇರುವಾಗಲೇ ಅವರ ಜತಿಗಳನ್ನು, ಅವರ ಜೀವನವನ್ನು ಕೇಳಿ ಬರೆದಿಡುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯಕ. ಅದಾಗುವವರೆಗೆ ಮೈನ್ಸಿನ ಸಂಗೀತದ ಚರಿತ್ರೆಯು ಕ್ಲಬ್ಬಿನ ಚರಿತ್ರೆಯಾಗಿಯೇ ಉಳಿದೀತು.