ಸಾಲು ತಪ್ಪಿದ ಘಟನೆಗಳು

ಲಿನಕ್ಸ್ ಕರ್ನಲ್‌ನೊಳಗಿನ ಆಗುಹೋಗುಗಳನ್ನು ಘಟನೆಗಳಾಗಿ ದಾಖಲಿಸುವ ಟ್ರೇಸಿಂಗ್ ಲೋಕದಲ್ಲಿ, ಪ್ರತಿ ಸಿಪಿಯುವಿಗೂ ಪ್ರತ್ಯೇಕ ರಿಂಗ್ ಬಫರ್ ಇರಬೇಕೆನ್ನುವ ಪಂಥದ ಮಾತೇ ಬಹುಕಾಲ ನಡೆಯಿತು. ರಿಂಗ್ ಬಫರ್ ಅಂದರೆ ಕೊನೆ ಮುಟ್ಟಿದ ಬರವಣಿಗೆ ಮತ್ತೆ ಮೊದಲಿಗೆ ಮರಳುವ, ನಿಗದಿತ ಗಾತ್ರದ ಮೆಮೊರಿ. 2008ರಲ್ಲಿ ಕರ್ನಲ್ ಸೇರಿದ, ಸ್ಟೀವನ್ ರೋಸ್ಟೆಡ್ ಅವರ ಎಫ್‌ಟ್ರೇಸ್ ಎಂಬ ಟ್ರೇಸಿಂಗ್ ಸಾಧನವೂ ಪ್ರತ್ಯೇಕ ಬಫರುಗಳ ಈ ದಾರಿಯನ್ನೇ ಹಿಡಿಯಿತು. ಒಂದು ಸಿಪಿಯುವಿನ ಬರವಣಿಗೆ ಇನ್ನೊಂದಕ್ಕಾಗಿ ಕಾಯಬೇಕಿಲ್ಲವೆಂಬ ಸಮರ್ಥನೆ, ಸೆಕೆಂಡಿಗೆ ಲಕ್ಷಗಟ್ಟಲೆ ಬರುವ ಫಂಕ್ಷನ್ ಕರೆಗಳ ಮಟ್ಟಿಗೆ ಸರಿಯಾದದ್ದೇ; ಅದನ್ನೇ ಸರ್ವಕಾಲದ ನಿಯಮವಾಗಿಸಿದ್ದು ಮಾತ್ರ ಅತಿಯಾಯಿತು.

ಪ್ರೊಸೆಸ್ ಹುಟ್ಟುವ ಫೋರ್ಕ್, ಅದು ಹೊಸ ಪ್ರೋಗ್ರಾಂ ತುಂಬಿಕೊಳ್ಳುವ ಎಕ್ಸೆಕ್, ಮುಗಿಯುವ ಎಕ್ಸಿಟ್ ಎಂಬ ಮೂರು ಘಟನೆಗಳನ್ನೇ ನೋಡಬಹುದು. ಅಲ್ಪಾಯುಷಿ ಪ್ರೊಸೆಸ್ಸೊಂದನ್ನು ಕರ್ನಲ್ ಬೇರೆ ಬೇರೆ ಸಿಪಿಯುಗಳ ಮೇಲೆ ಓಡಿಸಿದರೆ ದಾಖಲೆಗಳು ಬೇರೆ ಬೇರೆ ಬಫರುಗಳಿಗೆ ಹಂಚಿಹೋಗಿ, ಓದುವ ಪ್ರೋಗ್ರಾಂಗೆ ಹುಟ್ಟಿಗಿಂತ ಮೊದಲೇ ಸಾವು ಕಾಣಿಸಬಹುದು. ಟೈಮ್‌ಸ್ಟ್ಯಾಂಪ್ ನೋಡಿ ಜೋಡಿಸಿಕೊಳ್ಳಿ ಎಂದು ಸಲಹೆ ಕೊಡುವವರು, ಇನ್ನೊಂದು ಬಫರಿನಿಂದ ಇನ್ನೂ ಹಳೆಯ ಘಟನೆ ಬರಬಹುದೆಂದು ಎಷ್ಟು ಹೊತ್ತು ಕಾಯಬೇಕೆಂಬುದನ್ನು ಹೇಳುವುದಿಲ್ಲ. ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರ ತಮ್ಮ ಪ್ರಬಂಧದಲ್ಲಿ ಭೌತಿಕ ಗಡಿಯಾರವನ್ನು ಮೊದಲು ಬದಿಗಿಟ್ಟು, ಒಂದು ಘಟನೆಯ ಪ್ರಭಾವ ಇನ್ನೊಂದನ್ನು ತಲುಪಬಲ್ಲದೇ ಎಂಬುದರ ಮೇಲೆ ಅವುಗಳ ಕ್ರಮವನ್ನು ನಿರೂಪಿಸಿದ್ದರು. ಟ್ರೇಸಿಂಗ್ ಸಾಧನ ಕಟ್ಟುವವರು ಅದನ್ನು ಇನ್ನೊಮ್ಮೆ ಓದಿದರೆ ನಷ್ಟವೇನಿಲ್ಲ.

2020ರಲ್ಲಿ, ಲಿನಕ್ಸ್ 5.8ರೊಂದಿಗೆ, ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂಗಳನ್ನು ಓಡಿಸಲು ಬಿಡುವ ಬಿಪಿಎಫ್ ವ್ಯವಸ್ಥೆಗೆ ಆಂಡ್ರಿ ನಕ್ರಿಕೊ ರೂಪಿಸಿದ ರಿಂಗ್ ಬಫರ್ ಎಲ್ಲ ಸಿಪಿಯುಗಳೂ ಒಂದೇ ಬಫರಿಗೆ ಬರೆಯುವ ಅವಕಾಶ ಕೊಟ್ಟಿತು. ಬರೆಯುವವರು ಸ್ಪಿನ್‌ಲಾಕ್, ಅಂದರೆ ನಿದ್ರಿಸದೆ ಸುತ್ತುತ್ತಲೇ ಕಾಯುವ ಬೀಗ, ಹಿಡಿಯುವುದು ಜಾಗ ಕಾಯ್ದಿರಿಸುವಷ್ಟು ಹೊತ್ತು ಮಾತ್ರ. ದತ್ತಾಂಶ ತುಂಬುವುದೂ ಅದು ಸಿದ್ಧವೆಂದು ಗುರುತು ಹಾಕುವುದೂ ಬೀಗದ ಹೊರಗೆ ನಡೆಯುತ್ತವೆ. ಜಾಗ ಕಾಯ್ದಿರಿಸಿದ ಕ್ರಮವೇ ಓದುವ ಕ್ರಮವಾಗುವುದರಿಂದ, ನಡುವಿನ ಒಂದು ದಾಖಲೆ ಇನ್ನೂ ಸಿದ್ಧವಾಗದಿದ್ದರೆ ಅದರ ನಂತರದವೆಲ್ಲ ಸಿದ್ಧವಿದ್ದರೂ ಕಾಯಬೇಕಾಗುತ್ತದೆ. ಕ್ರಮ ಬೇಕೆನ್ನುವವರು ತೆರಬೇಕಾದ ಈ ಬೆಲೆ ದುಬಾರಿಯೇನಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಬಫರ್ ತುಂಬಿದಾಗ ಕಳೆದುಕೊಳ್ಳಬೇಕಾದದ್ದು ಯಾವುದು ಎಂಬುದು. 5.8ರ ಆ ಬಫರ್ ಹೊಸ ದಾಖಲೆಗೆ ಜಾಗ ನಿರಾಕರಿಸುತ್ತಿತ್ತು; ಎಫ್‌ಟ್ರೇಸ್, ಬೇರೆ ಸೂಚನೆ ಇಲ್ಲದಿದ್ದರೆ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಪ್ರತಿ ಘಟನೆಯನ್ನೂ ಕೂಡಲೇ ಓದಿ ಖಾಲಿ ಮಾಡುವ ನಿಗಾ ವ್ಯವಸ್ಥೆಗೆ ಮೊದಲನೆಯದು ಸಾಕು. ಆದರೆ ಯಂತ್ರ ಯಾಕೆ ಕುಸಿಯಿತೆಂದು ಹುಡುಕುವವರಿಗೆ ಕುಸಿತಕ್ಕೆ ಮುಂಚಿನ ಕೊನೆಯ ಕ್ಷಣಗಳೇ ಬೇಕಾಗಿರುವುದರಿಂದ, ಈ ಒಂದು ವಿಷಯದಲ್ಲಿ ಎದುರು ಪಂಥದ ವಿನ್ಯಾಸವೇ ಮೇಲು.